ನೆರೆಹೊರೆಯ ಗಾಳಿ

‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದುದು ಮಕ್ಕಳು ಕೆಟ್ಟವರ ಸಂಗ ಮಾಡಬಾರದೆಂದು. ಪುಣೆಯಲ್ಲಿ ನೆಲೆಸಿರುವ ನಮಗೆ ಆ ಗಾದೆ ಬೇರೊಂದು ಬಗೆಯಾಗಿ ಅನುಭವಕ್ಕೆ ಬಂದಿದೆ. ಇಲ್ಲಿಯ ನೆರೆಹೊರೆಯವರು ಕೆಟ್ಟವರಲ್ಲ, ಕಷ್ಟಸುಖಕ್ಕೆ ಆಗುವವರು. ಒಳ್ಳೆಯವರ ಸಹವಾಸದಲ್ಲಿ ಮನುಷ್ಯನು ಇನ್ನೂ ಬೇಗನೆ ಅವರಂತಾಗುತ್ತಾನೆ. ಅವಲಕ್ಕಿಯು ನಮ್ಮ ಮನೆಗಳಲ್ಲಿ ಪೋಹೆಯಾಗಿ ಬಹುಕಾಲವಾಯಿತು. ಗಣಪತಿಯ ಆರತಿಯನ್ನು ಮರಾಠಿಯಲ್ಲಿ ಹಾಡದಿದ್ದರೆ ಹಬ್ಬವಾದಂತೆ ನಮಗೇ ಅನ್ನಿಸದು. ಇದರಲ್ಲಿ ನಷ್ಟವೇನಿದೆ? ಇನ್ನೊಂದು ನುಡಿ ಬಂದರೆ ಲಾಭವೇ.

ಹಾನಿ ಇರುವುದು ಬೇರೊಂದು ಕಡೆಗೆ. ತಾಯಿ ಬೀದಿಯಲ್ಲಿ ಕನ್ನಡದಿಂದ ಕೂಗಿ ಕರೆದರೆ ಮಗು ಮೊದಲು ತನ್ನ ಗೆಳೆಯರ ಮುಖ ನೋಡುತ್ತದೆ, ಆಮೇಲೆ ಮರಾಠಿಯಲ್ಲಿ ಉತ್ತರ ಕೊಡುತ್ತದೆ. ಇದನ್ನು ಕಾಣದ ಕನ್ನಡ ಮನೆ ಈ ಊರಲ್ಲಿ ವಿರಳ. ಆ ಮಗುವನ್ನು ಯಾರೂ ಹೀಯಾಳಿಸಿರುವುದಿಲ್ಲ, ಯಾರೂ ಗದರಿಸಿರುವುದಿಲ್ಲ. ಸುತ್ತಲೂ ಹತ್ತು ಜನ ಒಂದು ರೀತಿ, ತಾನೊಬ್ಬನೇ ಬೇರೆ ರೀತಿ, ಅಷ್ಟೇ ಸಾಕು.

ಎಷ್ಟು ಸಾಕೆಂಬುದನ್ನು ಅಮೇರಿಕೆಯ ಮಾನಸಶಾಸ್ತ್ರಜ್ಞ ಸಾಲೊಮನ್ ಆಶ್ ಎಂಬವರು 1950ರ ಸುಮಾರಿಗೆ ಪರೀಕ್ಷಿಸಿ ನೋಡಿದರು. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದೆಂದು ಕಾಲೇಜು ಹುಡುಗರನ್ನು ಕೇಳುವುದು. ಕಣ್ಣಿದ್ದವರು ತಪ್ಪುವಂತಹದಲ್ಲ. ಆದರೆ ಗುಂಪಿನಲ್ಲಿ ಒಬ್ಬನ ಹೊರತು ಉಳಿದವರಿಗೆಲ್ಲ ತಪ್ಪು ಉತ್ತರ ಹೇಳಿರೆಂದು ಮೊದಲೇ ತಿಳಿಸಿಟ್ಟಿದ್ದರು. ಹಾಗೆ ಒಂಟಿಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪಿಗೆ ತಾವೂ ಹೂಂಗುಟ್ಟಿದರು! ಉತ್ತರವನ್ನು ಬಾಯಿಬಿಟ್ಟು ಹೇಳದೆ ಬರೆದುಕೊಡಲು ಬಿಟ್ಟಾಗ ಈ ತಪ್ಪು ಬಹಳ ಕಡಿಮೆಯಾಯಿತು. ಅಂದರೆ ಕಣ್ಣಿಗೆ ಸರಿಯಾಗಿಯೇ ಕಂಡಿತ್ತು, ಬಾಯಿ ಅಂಜಿತು. ನಮಗೆ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ: ಸರಿಯಾದ ಉತ್ತರ ಹೇಳುವ ಒಬ್ಬನೇ ಒಬ್ಬ ಸಂಗಡಿಗನನ್ನು ಜೊತೆಗೆ ಕೂಡಿಸಿದೊಡನೆ ಗುಂಪಿನ ಒತ್ತಡವು ನಾಲ್ಕನೆಯ ಒಂದು ಪಾಲಿಗೆ ಇಳಿಯಿತು.

ಇದೇ ಪುಣೆಯ ಗಾಳಿ ಕನ್ನಡವನ್ನು ಮರೆಯಿಸಿದಂತೆ ನೆನಪು ಮಾಡಿಕೊಟ್ಟದ್ದೂ ಉಂಟು. ವಿಜಾಪುರದಲ್ಲಿ 1880ರಲ್ಲಿ ಹುಟ್ಟಿದ ಆಲೂರ ವೆಂಕಟರಾಯರು ಓದಿದ್ದು ಇಲ್ಲಿಯ ಫರ್ಗ್ಯೂಸನ್ ಕಾಲೇಜಿನಲ್ಲಿ. ಅದು ತಿಲಕರ ಕಾಲ. 1893ರಿಂದ ಸಾರ್ವಜನಿಕ ಗಣೇಶೋತ್ಸವಕ್ಕೆ ಅವರ ಬಲ ದೊರೆತು ಊರೆಲ್ಲ ದೇಶಾಭಿಮಾನದ ಮಾತಿನಿಂದ ತುಂಬಿತ್ತು. ಆಲೂರರು ಆ ಗಾಳಿಗೆ ಕಿಟಕಿ ಮುಚ್ಚಲಿಲ್ಲ. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ಅವರೇ. ಆದರೆ ಮರಾಠಿಗರು ತಮ್ಮ ಇತಿಹಾಸವನ್ನು ಎಷ್ಟು ಪ್ರೀತಿಯಿಂದ ನೆನೆಯುತ್ತಾರೆಂಬುದನ್ನು ಕಂಡವರು, ಹಂಪೆ-ಆನೆಗೊಂದಿಗಳ ಕಡೆಗೂ ತಿರುಗಿ ನೋಡಿದರು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂದಿತು. 1956ರ ಏಕೀಕರಣವನ್ನು ಅವರು ಕಣ್ಣಾರೆ ಕಂಡರು.

ಬೇಂದ್ರೆಯವರದು ಇದಕ್ಕೆ ತಿರುವುಮುರುವು. ಮನೆಮಾತು ಮರಾಠಿ, ಧಾರವಾಡದ ಓಣಿಯ ಮಾತು ಕನ್ನಡ. ಫರ್ಗ್ಯೂಸನ್ನಿನಲ್ಲಿ ಓದಿ 1918ರಲ್ಲಿ ಪದವಿ ಪಡೆದು ಊರಿಗೆ ಮರಳಿದರು. 1920ರ ದಶಕದಲ್ಲಿ ಅಲ್ಲಿ ಬೆಳೆದ ಗೆಳೆಯರ ಗುಂಪಿನ ನಡುವೆ ಅವರ ಕನ್ನಡ ಅರಳಿತು. ಹಾಗೆಂದು ಅವರು ಮರಾಠಿಯನ್ನು ಬಿಡಲಿಲ್ಲ, ಅದರಲ್ಲಿಯೂ ಬರೆದರು. ಗೆಳೆಯರಿಲ್ಲದಿದ್ದರೂ ಅವರು ಕವಿಯಾಗಿಯೇ ಆಗುತ್ತಿದ್ದರು, ಆ ಮಾತು ಬೇರೆ.

ನಮ್ಮ ಮಕ್ಕಳಿಗೆ ಉಪದೇಶ ಸಾಕಷ್ಟು ದೊರೆಯುತ್ತಿದೆ, ಸಂಗಡಿಗರು ದೊರೆಯುತ್ತಿಲ್ಲ. ಸಂಘದ ಕಾರ್ಯಕ್ರಮಗಳಿಗೆ ಕರೆತಂದು ಹಿರಿಯರ ಭಾಷಣ ಕೇಳಿಸಿದರೆ ಅದು ಸಂಗವಾಗದು. ಸಮೀಪದ ಎರಡು ಮನೆಗಳ ಮಕ್ಕಳು ವಾರಕ್ಕೊಮ್ಮೆ ಕೂಡಿ ಆಡಲಿ, ಜಗಳಾಡಲಿ. ಜಗಳವೂ ಕನ್ನಡದಲ್ಲಿಯೇ ಆಗಲಿ. ಪಾಠ ಬೇಡ. ಹಡಪಸರದವರಿಗೆ ಕೋಥರೂಡ ದೂರವೆಂಬುದು ನಿಜ, ಆದರೆ ಸಂಗಡಿಗನು ಅಷ್ಟು ದೂರ ಇರಲೇಬೇಕೆಂದಿಲ್ಲ. ಒಂದೇ ವಸತಿಯ ಎರಡು ಕನ್ನಡ ಮನೆಗಳವರು ಪರಸ್ಪರ ಮರಾಠಿಯಲ್ಲಿ ಮಾತಾಡಿಕೊಂಡೇ ವರುಷಗಳನ್ನು ಕಳೆಯುವುದುಂಟು. ಬಾಗಿಲ ಮೇಲಿನ ಹೆಸರಿನಿಂದ ತಿಳಿಯುವಂತಿಲ್ಲ. ಕುಲಕರ್ಣಿ, ದೇಶಪಾಂಡೆ, ಜೋಶಿ ಇವರು ಎರಡೂ ಸೀಮೆಗಳಲ್ಲಿದ್ದಾರೆ. ಮೆಟ್ಟಿಲ ಮೇಲೆ ಎದುರಾದಾಗ ಒಮ್ಮೆ ಕನ್ನಡದಲ್ಲಿಯೇ ಕೇಳಿ ನೋಡಬೇಕು: ‘ನಿಮ್ಮದು ಯಾವೂರ್ರೀ?’