ಕಾಲಜ್ಞಾನಕ್ಕೆ ಒಡೆಯರಾದವರು

2000ನೆಯ ಇಸವಿಯ ಜೂನ್ 8ರಂದು ವಾಡಿಯ ಚರ್ಚಿನಲ್ಲಿ, ಜುಲೈ 8ರಂದು ಹುಬ್ಬಳ್ಳಿಯ ಲೂಥರನ್ ಚರ್ಚಿನಲ್ಲಿ, ಮರುದಿನ ಬೆಂಗಳೂರಿನ ಜಗಜೀವನರಾಮ ನಗರದ ಸಂತ ಪೀಟರ್ ಮತ್ತು ಪಾಲ್ ಚರ್ಚಿನಲ್ಲಿ ಬಾಂಬುಗಳು ಸಿಡಿದವು. ಆ 9ರ ರಾತ್ರಿಯೇ ಮಾಗಡಿ ರಸ್ತೆಯಲ್ಲಿ ಸ್ಫೋಟಕಗಳಿದ್ದ ವ್ಯಾನೊಂದು ಸಿಡಿದು ಅದರಲ್ಲಿದ್ದ ಇಬ್ಬರು ಸತ್ತರು. ವ್ಯಾನಿನ ಜಾಡು ಹಿಡಿದು ಹೊರಟ ತನಿಖೆ ದೀನ್‌ದಾರ್ ಅಂಜುಮನ್ ಎಂಬ ಪಂಥದ ಬಾಗಿಲಲ್ಲಿ ನಿಂತಿತು. 2001ರಲ್ಲಿ ಕೇಂದ್ರ ಸರ್ಕಾರ ಆ ಸಂಘಟನೆಯನ್ನು ನಿಷೇಧಿಸಿತು. 2008ರ ನವೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 11 ಮಂದಿಗೆ ಮರಣದಂಡನೆಯನ್ನೂ 12 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಮುಂದೆ ಉಚ್ಚ ನ್ಯಾಯಾಲಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ನ್ಯಾಯಾಂಗ ತನ್ನ ಕೆಲಸ ಮಾಡಿದೆ. ಸಾಹಿತ್ಯಾಧ್ಯಯನ ತನ್ನ ಪಾಲಿನ ಕೆಲಸವನ್ನು ಮಾಡಿಲ್ಲ ಎಂಬುದು ನನ್ನ ಆಕ್ಷೇಪ.

ಬಾಂಬಿಗೂ ಸಾಹಿತ್ಯಕ್ಕೂ ಏನು ನಂಟು ಎಂದು ಕೇಳುವವರು ಆ ಪಂಥದ ಸ್ಥಾಪಕನ ಹೆಸರನ್ನೊಮ್ಮೆ ಪೂರ್ತಿಯಾಗಿ ಉಚ್ಚರಿಸಬೇಕು: ಸಿದ್ದಿಕ್ ದೀನ್‌ದಾರ್ ಚನ್ನಬಸವೇಶ್ವರ. 1886ರಲ್ಲಿ ಅಂದಿನ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಸೀಮೆಯಲ್ಲಿ ಹುಟ್ಟಿದ ಸಿದ್ದಿಕ್ ಹುಸೇನ್, ಕೆಲಕಾಲ ಅಹಮದೀಯ ಪಂಥದ ಸಂಪರ್ಕದಲ್ಲಿದ್ದು, 1924ರಲ್ಲಿ ಗದಗಿನಲ್ಲಿ ತಾನೇ ಚನ್ನಬಸವೇಶ್ವರನ ಅವತಾರವೆಂದು ಸಾರಿಕೊಂಡ. ಅದಕ್ಕೆ ಆತ ಮುಂದಿಟ್ಟ ಸಾಕ್ಷ್ಯ ಪವಾಡವಲ್ಲ, ಕನ್ನಡದ ಕಾಲಜ್ಞಾನ ಸಾಹಿತ್ಯ. ಲಿಂಗಾಯತರ ಕಾಲಜ್ಞಾನಗಳಲ್ಲಿ ಬರಲಿರುವನೆಂದು ಹೇಳಿರುವವನು ತಾನೇ, ಅಲ್ಲಿ ಹೇಳಿದ ಲಕ್ಷಣಗಳು ತನ್ನ ಮೈಮೇಲೆಯೇ ಇವೆ ಎಂದು ಆತ ವಾದಿಸಿದ. ಆತನ ಏಳಿಗೆಯ ಮೊದಲ ಮೆಟ್ಟಿಲು ಒಂದು ವ್ಯಾಖ್ಯಾನ. ಆ ವ್ಯಾಖ್ಯಾನವನ್ನು ಪರೀಕ್ಷಿಸುವ ವಿದ್ಯೆ ನಮ್ಮದು.

ಕಾಲಜ್ಞಾನವೆಂಬ ಪ್ರಕಾರದ ರಚನೆಯನ್ನು ಗಮನಿಸಿದರೆ ಈ ವಾದದ ಪೊಳ್ಳು ತಾನಾಗಿಯೇ ಕಾಣುತ್ತದೆ. ವಿರೂಪಾಕ್ಷ ಪಂಡಿತ 1584ರಲ್ಲಿ ರಚಿಸಿದ ಚನ್ನಬಸವಪುರಾಣದ ಕೊನೆಯ ಭಾಗದಲ್ಲಿ ಕಾಲಜ್ಞಾನವಿದೆ. ಹನ್ನೆರಡನೆಯ ಶತಮಾನದ ಚನ್ನಬಸವಣ್ಣ ವಿಜಯನಗರದ ಅರಸರ ಏಳುಬೀಳನ್ನು ಮುಂಚಿತವಾಗಿ ನುಡಿಯುವ ಪ್ರಸಂಗವದು. ಆದರೆ ಕವಿ ಬರೆಯುವ ಹೊತ್ತಿಗೆ 1565ರ ಯುದ್ಧ ಮುಗಿದು ಸುಮಾರು ಇಪ್ಪತ್ತು ವರ್ಷಗಳಾಗಿದ್ದವು. ಕವಿಗೆ ಅದು ಭೂತಕಾಲ. ಪಾತ್ರದ ಬಾಯಲ್ಲಿ ಭವಿಷ್ಯತ್ಕಾಲ. ನಡೆದುಹೋದದ್ದನ್ನು ನಡೆಯಲಿರುವುದಾಗಿ ಹೇಳಿ ನಂಬಿಕೆಯನ್ನು ಗಳಿಸುವುದು, ಆ ನಂಬಿಕೆಯ ಬಲದ ಮೇಲೆ ನಿಜವಾಗಿಯೂ ಮುಂದಿರುವ ಒಂದು ಆಸೆಯನ್ನು ನಿಲ್ಲಿಸುವುದು, ಇದು ಕಾಲಜ್ಞಾನದ ಕ್ರಮ. ವೀರವಸಂತರಾಯ ಬರುತ್ತಾನೆ, ಹಾಳಾದ ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ ಎಂಬುದು ಆ ಆಸೆ. ಸೋತ ಸಮಾಜವೊಂದು ತನ್ನ ಎದೆಯಲ್ಲಿ ಉಳಿಸಿಕೊಂಡ ಕನಸಾಗಿ ಅದು ಗೌರವಕ್ಕೆ ಅರ್ಹ.

ಅಪಾಯವಿರುವುದೂ ಅಲ್ಲಿಯೇ. ಬರುವವನಿಗೊಂದು ಪೀಠವನ್ನು ಹಾಕಿಟ್ಟ ಕಾಲಜ್ಞಾನಿ ಬರುವ ತಿಥಿಯನ್ನಾಗಲಿ ಊರನ್ನಾಗಲಿ ಖಚಿತಪಡಿಸಲಿಲ್ಲ. ಒಗಟಿನ ಮಾತು, ಬೆಡಗಿನ ಸಂಖ್ಯೆ, ಪ್ರತಿಯಿಂದ ಪ್ರತಿಗೆ ಬದಲಾಗುವ ಪಾಠ, ಇವುಗಳ ನಡುವೆ ಆ ಪೀಠ ಖಾಲಿಯಾಗಿಯೇ ಉಳಿಯಿತು. ಅದೇ ಸೀಮೆಯ ಕೊಡೇಕಲ್ಲ ಬಸವಣ್ಣ, ತಿಂಥಿಣಿಯ ಮೌನೇಶ್ವರರ ಪರಂಪರೆಗಳು ಹಿಂದೂ ಮುಸಲ್ಮಾನ ಆಚರಣೆಗಳನ್ನು ಒಂದೇ ಮಡಿಲಲ್ಲಿಟ್ಟು ಬೆಳೆಸಿದ್ದವು. ಎರಡು ಧರ್ಮಗಳ ಭಾಷೆಯನ್ನು ಒಟ್ಟಿಗೆ ಆಡುವ ಗುರು ಅಲ್ಲಿಯ ಜನಕ್ಕೆ ಹೊಸಬನಲ್ಲ. ಸಿದ್ದಿಕ್ ಈ ಹದವಾದ ನೆಲದಲ್ಲಿ ಕಾಲಿಟ್ಟ. ಆದರೆ ಆ ಪರಂಪರೆಗಳು ಎರಡನ್ನು ಕೂಡಿಸಲು ಆಡಿದ ಭಾಷೆಯನ್ನು ಆತ ಒಂದನ್ನು ಇನ್ನೊಂದರಲ್ಲಿ ಕರಗಿಸಲು ಬಳಸಿದ. ಸರ್ವಧರ್ಮ ಸಮ್ಮೇಳನದ ವೇದಿಕೆಯಲ್ಲಿ ಸಾಮರಸ್ಯದ ಮಾತು. ಇನ್ನೊಂದೆಡೆ, ವಾಯವ್ಯ ಗಡಿಯ ಬುಡಕಟ್ಟು ಪ್ರದೇಶಕ್ಕೆ ಹೋಗಿ ಭಾರತದ ಮೇಲೆ ದಂಡೆತ್ತಲು ಜನ ಕೂಡಿಸುವ ಯತ್ನ. ಪೀಠಕ್ಕೆ ಪಠ್ಯದ ಬಲ ಸಾಲದಾದಾಗ ತೋಳಿನ ಬಲ ಬೇಕಾಗುತ್ತದೆ.

ಸ್ಥಾಪಕ 1952ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡ. 2000ದ ಬಾಂಬುಗಳನ್ನು ಇಟ್ಟವನು ಆತನಲ್ಲ. ಸಂಚಿನ ಸೂತ್ರಧಾರನೆಂದು ತನಿಖೆ ಗುರುತಿಸಿದ್ದು ಪಾಕಿಸ್ತಾನದಲ್ಲಿ ನೆಲೆಸಿದ್ದ ಆತನ ಮಗ ಜಿಯಾ-ಉಲ್-ಹಸನ್‌ನನ್ನು. ತಂದೆಯಿಂದ ಮಗನ ಕಾಲಕ್ಕೆ ಬಂದದ್ದು ಆಸ್ತಿಗಿಂತ ಮಿಗಿಲಾಗಿ ಒಂದು ವಿಧಾನ, ಪರರ ಹೆಸರಿನಲ್ಲಿ ಮಾತನಾಡುವ ವಿಧಾನ. ಸಿಡಿದ ವ್ಯಾನಿನಲ್ಲಿ ಕ್ರೈಸ್ತವಿರೋಧಿ ಕರಪತ್ರಗಳು ದೊರೆತವು. ಹಿಂದೂ ಸಂಘಟನೆಗಳ ಮೇಲೆ ಶಂಕೆ ಬಂದು ಸಮುದಾಯಗಳು ಪರಸ್ಪರ ಕಾದಾಡಲಿ ಎಂಬುದೇ ಸಂಚಿನ ಉದ್ದೇಶವೆಂದು ಅಭಿಯೋಜನೆ ವಾದಿಸಿತು. 1924ರಲ್ಲಿ ಶರಣನೊಬ್ಬನ ಅಂಕಿತ ಅಪಹೃತವಾಯಿತು. 2000ದಲ್ಲಿ ಅನ್ಯರ ದ್ವೇಷದ ಅಂಕಿತವನ್ನು ನಟಿಸಲಾಯಿತು. ಕರ್ತೃತ್ವದ ವಂಚನೆಯಿಂದ ಮೊದಲಾದ ಚರಿತ್ರೆ ಕರ್ತೃತ್ವದ ವಂಚನೆಯಲ್ಲೇ ರಕ್ತಪಾತಕ್ಕೆ ಮುಟ್ಟಿತು. ಗ್ರಂಥಸಂಪಾದನೆ ಕಲಿತವರಿಗೆ ಇದಕ್ಕಿಂತ ಕಟುವಾದ ಪಾಠ ಬೇಕೆ?

ಇಲ್ಲಿ ಮೂರು ಸುಲಭದ ಉತ್ತರಗಳು ಕೇಳಿಬರುತ್ತವೆ. ಇದು ಗಡಿಯಾಚೆಯ ಪಿತೂರಿ, ನಮ್ಮದಲ್ಲ ಎಂಬುದು ಒಂದು. ಸೂತ್ರ ಆಚೆಯಿಂದ ಬಂದಿರಬಹುದು. ಆದರೆ ಚನ್ನಬಸವೇಶ್ವರನ ಹೆಸರು ಆಚೆಯಿಂದ ಬಂದುದಲ್ಲ. ಇಂಥವರೆಲ್ಲ ಹುಚ್ಚರು ಎಂಬುದು ಎರಡನೆಯದು. ದಶಕಗಳ ಕಾಲ ಪ್ರಚಾರಕರನ್ನು ತರಬೇತು ಮಾಡಿ, ಸಮ್ಮೇಳನ ನಡೆಸಿ, ಗ್ರಂಥ ಅಚ್ಚು ಹಾಕಿಸುವುದು ಹುಚ್ಚಲ್ಲ, ಲೆಕ್ಕಾಚಾರ. ಇಡೀ ಧರ್ಮವೇ ಹೀಗೆ ಎಂಬುದು ಮೂರನೆಯದು, ಎಲ್ಲಕ್ಕಿಂತ ಕೀಳಾದುದು. ಈ ಪಂಥದ ಅವತಾರವಾದವನ್ನು ಮುಸಲ್ಮಾನ ವಿದ್ವಾಂಸರೇ ತಿರಸ್ಕರಿಸಿದ್ದಾರೆ. ಅಂಜುಮನ್ನಿನ ಅನೇಕ ಅನುಯಾಯಿಗಳು ಈ ಕೃತ್ಯ ತಮ್ಮದಲ್ಲ, ತಮ್ಮದು ಶಾಂತಿಯ ಮಾರ್ಗ ಎಂದು ಹೇಳುತ್ತ ಬಂದಿದ್ದಾರೆ. ಕೆಲವರ ಪಾಪಕ್ಕೆ ಹಲವರನ್ನು ಹೊಣೆ ಮಾಡಿದರೆ ಸಂಚುಗಾರರು ಬಯಸಿದ್ದನ್ನೇ ನಾವು ಪೂರೈಸಿಕೊಟ್ಟಂತಾಗುತ್ತದೆ.

ಈ ವಿಧಾನ ಯಾವ ಒಂದು ಧರ್ಮದ ಸೊತ್ತೂ ಅಲ್ಲ ಎಂಬುದಕ್ಕೆ ಜಪಾನಿನ ಉದಾಹರಣೆಯೊಂದೇ ಸಾಕು. ಓಮ್ ಶಿನ್‌ರಿಕ್ಯೊ ಪಂಥದ ಶೋಕೊ ಅಸಹಾರ ಬೌದ್ಧ ಪರಿಭಾಷೆಯ ಜೊತೆಗೆ ಬೈಬಲ್ಲಿನ ಪ್ರಕಟನೆಯ ಗ್ರಂಥವನ್ನೂ ನಾಸ್ಟ್ರಡಾಮಸನ ಭವಿಷ್ಯವಾಣಿಯನ್ನೂ ಬೆರೆಸಿ, ಪ್ರಳಯ ಸಮೀಪಿಸಿದೆ, ಉಳಿಸುವವನು ತಾನೇ ಎಂದ. 1995ರ ಮಾರ್ಚ್ 20ರಂದು ಆತನ ಶಿಷ್ಯರು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ಟರು. ಆ ಶಿಷ್ಯರಲ್ಲಿ ವಿಜ್ಞಾನ ಓದಿದವರಿದ್ದರು, ವೈದ್ಯರಿದ್ದರು. ಆ ಪಂಥಕ್ಕೆ ಅನುಕೂಲವಾಗಿ ಬರೆದಿದ್ದ ಧರ್ಮಾಧ್ಯಯನದ ಪ್ರಾಧ್ಯಾಪಕರೊಬ್ಬರು ಅದೇ ವರ್ಷ ತಮ್ಮ ಹುದ್ದೆಯನ್ನು ಕಳೆದುಕೊಂಡರು. ವಿದ್ವಾಂಸನ ಉದಾಸೀನಕ್ಕೂ ಓಲೈಕೆಗೂ ಬೆಲೆಯುಂಟು. ಅದನ್ನು ತೆರುವವರು ಬಹುಮಟ್ಟಿಗೆ ಬೇರೆಯವರು.

ನಮ್ಮ ಪ್ರಾಚೀನರಿಗೆ ಇಂಥ ಗುರು ಅಪರಿಚಿತನಾಗಿರಲಿಲ್ಲ. ಸೋಮದೇವಸೂರಿ 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ವೀರಭೈರವನೆಂಬ ಕೌಲಗುರು ಮಾರಿದತ್ತ ರಾಜನಿಗೆ ದಿವ್ಯಖಡ್ಗದ ಆಸೆ ತೋರಿಸಿ, ಚಂಡಮಾರಿಗೆ ಜೀವಿಗಳ ಜೋಡಿಗಳನ್ನು ಬಲಿಕೊಡಲು ಒಪ್ಪಿಸುತ್ತಾನೆ. ಗುರುವಿನ ಕೈಯಲ್ಲಿ ಆಯುಧವಿಲ್ಲ. ಆಯುಧ ಎತ್ತುವವನು ಶಿಷ್ಯ. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಬ್ರಹ್ಮಶಿವನ ಸಮಯಪರೀಕ್ಷೆಯಂಥ ಕೃತಿಗಳು ಅನ್ಯಮತಗಳ ಮೂಢತೆಯನ್ನು ಹರಿತವಾಗಿ ಪರೀಕ್ಷಿಸಿದವು. ಅದೇ ಹರಿತವನ್ನು ಸ್ವಮತದ ಮೇಲೆ ಪ್ರಯೋಗಿಸಲಿಲ್ಲ. ಕಪಟಗುರು ಯಾವಾಗಲೂ ಪಕ್ಕದ ಮನೆಯಲ್ಲೇ ಇರುತ್ತಾನೆಂಬ ಈ ಅಭ್ಯಾಸ ಜೈನ, ಶೈವ, ವೈಷ್ಣವ ಎನ್ನದೆ ಎಲ್ಲರಿಗೂ ಅಂಟಿತು. ತನ್ನ ಮನೆಯ ಪಠ್ಯವನ್ನು ತಾನೇ ಪರೀಕ್ಷಿಸದ ಸಮಾಜದಲ್ಲಿ ಆ ಪಠ್ಯಕ್ಕೆ ದಾರಿಹೋಕನೂ ಒಡೆಯನಾಗಬಲ್ಲ.

ಕಾಲಜ್ಞಾನವನ್ನು ಸುಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಪೆರೇಸಂದ್ರ, ಚಿಂತಾಮಣಿಗಳ ನಮ್ಮ ಈ ಕನ್ನಡ ತೆಲುಗಿನ ನಾಡಿನಲ್ಲಿ ಕೈವಾರದ ನಾರೇಯಣ ತಾತಯ್ಯನವರ ಕಾಲಜ್ಞಾನ ಇಂದಿಗೂ ಜನರ ನಾಲಗೆಯ ಮೇಲಿದೆ. ಬಳೆ ಮಾರುವ ಕಾಯಕದಿಂದ ಬಂದ ಆ ಯೋಗಿಯ ಮಾತನ್ನು ಹಳ್ಳಿಯ ಭಜನೆಯವರು ಕೆಡುಗಾಲದ ಎಚ್ಚರಿಕೆಯಾಗಿ, ತಮ್ಮ ನಡತೆಯ ತಿದ್ದುಪಡಿಯಾಗಿ ಹಾಡಿಕೊಳ್ಳುತ್ತಾರೆ. ಕಾಲಜ್ಞಾನ ಎಲ್ಲರನ್ನೂ ಎಚ್ಚರಿಸುವವರೆಗೆ ಅದು ಸಾಹಿತ್ಯ. ಒಬ್ಬನನ್ನು ಪಟ್ಟಕ್ಕೇರಿಸಿದ ದಿನ ಅದು ಆಜ್ಞಾಪತ್ರ.

ಆದ್ದರಿಂದ ಕಾವ್ಯಗುಣವಿಲ್ಲವೆಂದು ಕಾಲಜ್ಞಾನಗಳನ್ನು ಪಕ್ಕಕ್ಕಿಟ್ಟಿರುವ ವಿಭಾಗಗಳು ಅವನ್ನು ಮತ್ತೆ ಮೇಜಿನ ಮೇಲೆ ತರಬೇಕು. ಯಾವ ಓಲೆ, ಯಾವ ಕಾಲ, ಯಾವ ಪಾಠ ಪ್ರಕ್ಷಿಪ್ತ, ಭೂತ ಎಲ್ಲಿ ಮುಗಿದು ಭವಿಷ್ಯ ಎಲ್ಲಿ ತೊಡಗುತ್ತದೆ ಎಂಬುದನ್ನು ಪದ್ಯಪದ್ಯಕ್ಕೂ ಗುರುತಿಸಬೇಕು. ಸಂತೆಯಲ್ಲಿ, ಜಾತ್ರೆಯಲ್ಲಿ ಮೂಲದ ಉಲ್ಲೇಖವಿಲ್ಲದೆ ಮಾರಾಟವಾಗುವ ಕಾಲಜ್ಞಾನದ ಪುಸ್ತಿಕೆಗಳ ಎದುರಿಗೆ ಬೆಲೆ ಕಡಿಮೆಯ, ತಿಳಿಗನ್ನಡದ ಶುದ್ಧಪಾಠಗಳು ಬರಬೇಕು. ನಾಳೆ ಇನ್ನೊಬ್ಬ ಎದ್ದು, ಪುರಾಣದಲ್ಲಿ ಹೇಳಿರುವವನು ನಾನೇ ಎಂದಾಗ, ಯಾವ ಪ್ರತಿಯಲ್ಲಿ, ಎಷ್ಟನೆಯ ಪದ್ಯದಲ್ಲಿ ಎಂದು ಕೇಳಬಲ್ಲ ಓದುಗರು ಊರಿಗೊಬ್ಬರಾದರೂ ಇರಬೇಕು. ಅವರನ್ನು ತಯಾರು ಮಾಡುವುದು ಪೊಲೀಸರ ಕೆಲಸವಲ್ಲ, ನಮ್ಮದು.