ವೆನಿಸ್ ನಗರದ ನೀರೂ ಅತಿಥಿಯ ಹೊಣೆಯೂ

ಇಟಲಿಯ ವೆನಿಸ್ ನಗರಕ್ಕೆ ಹೊರಟವರಿಗೆ ಹಿತೈಷಿಗಳು ಹೇಳುವ ಮಾತುಗಳು ಬಹುಮಟ್ಟಿಗೆ ಒಂದೇ ಬಗೆಯವು: ಯಾವ ಇಗರ್ಜಿಯನ್ನು ನೋಡಬೇಕು, ಎಲ್ಲಿ ನಿಂತು ಚಿತ್ರ ತೆಗೆಯಬೇಕು, ಗೊಂಡೋಲ ದೋಣಿಗೆ ಎಷ್ಟು ಹಣ ತೆರಬೇಕು. ಆ ಊರನ್ನು ಆಳುವ ನೀರಿನ ಸಂಗತಿಯನ್ನು ಹೇಳುವವರು ವಿರಳ. ನೀರಿನ ನಿಯಮವನ್ನರಿಯದೆ ಅಲ್ಲಿಗೆ ಹೋಗುವವನು ತಾನೂ ತೊಂದರೆಪಡುವನು, ಊರವರಿಗೂ ತೊಂದರೆ ಕೊಡುವನು ಎಂಬುದು ನನ್ನ ಅಭಿಪ್ರಾಯ.

ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಬೆಸೆದ ಹಳೆಯ ನಗರವದು. ಅದರ ಓಣಿಗಳಲ್ಲಿ ಮೋಟಾರು ಗಾಡಿಗಳಿಲ್ಲ. ತರಕಾರಿ, ಕಸ, ರೋಗಿ, ಎಲ್ಲವೂ ದೋಣಿಯಲ್ಲಿಯೇ ಸಾಗಬೇಕು. ಉಬ್ಬರವಿಳಿತಗಳು ಸಾಮಾನ್ಯವಾಗಿ ದಿನಕ್ಕೆರಡು ಬಾರಿ ಕಾಲುವೆಗಳ ನೀರನ್ನು ಬದಲಿಸುವುವು. ಮನೆಗಳ ಕೊಳೆನೀರಿನ ಬಹುಭಾಗವನ್ನು ಕಡಲಿಗೊಯ್ಯುವ ಕೆಲಸವೂ ಅವುಗಳದೇ.

ಆದರೆ ಚಳಿಗಾಲದ ಆಸುಪಾಸಿನಲ್ಲಿ ಬೀಸುವ ಆಗ್ನೇಯ ಮಾರುತ, ನೀಳವಾದ ಆಡ್ರಿಯಾಟಿಕ್ ಕಡಲಿನ ನೀರನ್ನು ಉತ್ತರದ ಕೊನೆಗೆ ನೂಕುವುದು. ವಾಯುವಿನ ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರು ಏರುವುದು. ಇವೆರಡೂ ಉಬ್ಬರದೊಡನೆ ಕೂಡಿದರೆ ಊರು ಮುಳುಗುವುದು. 1966ರ ನವೆಂಬರ್ 4ರಂದು ನೀರಿನ ಮಟ್ಟ 194 ಸೆಂಟಿಮೀಟರು ಮುಟ್ಟಿತ್ತು. 2019ರ ನವೆಂಬರ್ 12ರಂದು 187.

ಇದಕ್ಕೆ ವಿಜ್ಞಾನ ಒಂದು ಉತ್ತರ ಕೊಟ್ಟಿದೆ. ಖಾರಿಯ ಮೂರು ಬಾಯಿಗಳಲ್ಲಿ 78 ಟೊಳ್ಳು ಕದಗಳು ನೀರು ತುಂಬಿಕೊಂಡು ಕಡಲ ತಳದಲ್ಲಿ ಮಲಗಿವೆ. ಒಳಗೆ ಗಾಳಿಯನ್ನೊತ್ತಿದರೆ ನೀರು ಹೊರಬಿದ್ದು ಕದಗಳು ತಾವಾಗಿ ಮೇಲೇಳುವುವು. ಆರ್ಕಿಮಿಡೀಸನ ತತ್ತ್ವವೇ ಇಲ್ಲಿ ಕಾವಲುಗಾರ! 2020ರ ಅಕ್ಟೋಬರ್ 3ರಂದು ಅವು ಮೊದಲ ಬಾರಿಗೆ ಪ್ರವಾಹವನ್ನು ತಡೆದವು. ಆದರೆ ಅವನ್ನು ಸದಾ ಎತ್ತಿಟ್ಟರೆ ಖಾರಿಯ ನೀರು ಕೊಳೆಯುವುದು, ಹಡಗುಗಳ ಸಂಚಾರ ನಿಲ್ಲುವುದು. ಆದುದರಿಂದ ಸಾಮಾನ್ಯವಾಗಿ 110 ಸೆಂಟಿಮೀಟರಿನ ಮುನ್ಸೂಚನೆಯಿದ್ದಾಗಲೇ ಎತ್ತುವರು. ಸಂತ ಮಾರ್ಕನ ಚೌಕದ ತಗ್ಗು ಭಾಗವಾದರೋ 80ರ ಸುಮಾರಿಗೇ ತೋಯತೊಡಗುವುದು. ಹೋಗುವವರು ಹಿಂದಿನ ದಿನವೇ ಉಬ್ಬರದ ಮುನ್ಸೂಚನೆಯನ್ನು ನೋಡಿಕೊಳ್ಳಲಿ.

ಕದಗಳು ಕಡಲನ್ನು ತಡೆಯಬಲ್ಲವು. ಅತಿಥಿಯ ಅವಸರವನ್ನು ತಡೆಯಲಾರವು. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕನುಗುಣವಾದುದೆಂದು ನೀವು ಓದಿದ್ದೀರಿ. ವೇಗದ ದೋಣಿ ಎರಡರಷ್ಟು ಎತ್ತರದ ಅಲೆಯನ್ನೆಬ್ಬಿಸಿದರೆ ಗೋಡೆಗೆ ಬೀಳುವ ಪೆಟ್ಟಿನ ಶಕ್ತಿ ನಾಲ್ಕರಷ್ಟು. "ಬೇಗ ನಡೆಸಪ್ಪಾ" ಎಂದು ಬಾಡಿಗೆ ದೋಣಿಯವನನ್ನು ಅವಸರಪಡಿಸುವವನು ಆ ಗೋಡೆಯ ಗಾರೆಯನ್ನು ಕೀಳುವುದರಲ್ಲಿ ಪಾಲುಗಾರ. ನಡೆಯುವುದೇ ಮೇಲು, ದೂರವಾದರೆ ಊರವರ ವಪೊರೆಟ್ಟೊ ಎಂಬ ಸಾರ್ವಜನಿಕ ದೋಣಿ ಇದೆ. ಅದರಲ್ಲಿ ಬೆನ್ನಚೀಲವನ್ನು ಇಳಿಸಿ ಹಿಡಿಯಬೇಕು. ಸೇತುವೆಯ ಮೆಟ್ಟಿಲುಗಳ ಮೇಲೆ ಕುಳಿತು ದಾರಿ ಕಟ್ಟಬಾರದು. ನಮಗೆ ವಿಹಾರವಾದ ಹಾದಿ ಅವರಿಗೆ ಶಾಲೆಯ ಹಾದಿ, ಆಸ್ಪತ್ರೆಯ ಹಾದಿ.

ಪ್ರವಾಸಿಗಳ ಹಣದಿಂದಲೇ ಊರು ಬದುಕಿದೆಯೆಂದು ವಾದಿಸುವವರುಂಟು. ಅದರಲ್ಲಿ ನಿಜಾಂಶವಿದೆ. ಆದರೆ 1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ನಗರದಲ್ಲಿ ಇಂದು 50,000 ಮಂದಿಯೂ ಇಲ್ಲ. ಮನೆಗಳು ಪ್ರವಾಸಿಗಳ ಬಿಡಾರಗಳಾದರೆ ಸಂಸಾರಗಳು ಎಲ್ಲಿಗೆ ಹೋಗಬೇಕು? 2024ರಿಂದ ಕೆಲವು ದಿನಗಳಲ್ಲಿ, ಬಂದ ದಿನವೇ ಹಿಂದಿರುಗುವವರಿಂದ ಪ್ರವೇಶಶುಲ್ಕ ಪಡೆಯುತ್ತಿರುವರು. ಶುಲ್ಕವನ್ನು ತೆತ್ತ ಮಾತ್ರಕ್ಕೆ ಹೊಣೆ ತೀರದು. ಹೋಟೆಲಿನಲ್ಲಿ ಎರಡು ರಾತ್ರಿಯಾದರೂ ತಂಗಿ, ನೀರು ಏರಿಳಿಯುವುದನ್ನು ನಿಧಾನವಾಗಿ ನೋಡುವವನೇ ವೆನಿಸನ್ನು ಕಂಡವನು. ನೀರನ್ನು ತಡೆಯುವ ಯಂತ್ರವನ್ನು ಮನುಷ್ಯ ಕಟ್ಟಿದ್ದಾನೆ. ಊರು ಬಿಟ್ಟು ಹೋಗುವವರನ್ನು ಉಳಿಸಿಕೊಳ್ಳುವ ಯಂತ್ರ ಇನ್ನೂ ಹುಟ್ಟಿಲ್ಲ.