ಬಾಣಲೆಯಲ್ಲಿ ಕೆಂಪಾಗುವ ಸಿಗಡಿ

ನಾಯಂಡಹಳ್ಳಿಯಿಂದ ಮಂಗಳೂರಿನ ಕಡಲಿಗೆ 300 ಕಿಲೋಮೀಟರಿಗೂ ಹೆಚ್ಚು ದಾರಿ. ಆದರೂ ಮಂಜುಗಡ್ಡೆಯಲ್ಲಿ ಪಯಣಿಸಿ ಬಂದ ಸಿಗಡಿ ನಮ್ಮ ಪೇಟೆಯಲ್ಲೂ ಸಿಗುತ್ತದೆ. ಬೂದು ಬಣ್ಣದ ಈ ಜಲಚರ ಬಿಸಿಯಾದೊಡನೆ ಕೆಂಪಾಗುವುದೇಕೆ, ಯೋಚಿಸಿದ್ದೀರಾ?

ಅದರಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣಕ ಮೊದಲೇ ಇರುತ್ತದೆ. ಒಂದು ಬಗೆಯ ಪ್ರೋಟೀನು ಅದನ್ನು ಹಿಡಿದಿಟ್ಟಿರುವುದರಿಂದ ಕೆಂಪು ಕಾಣದು. ಶಾಖಕ್ಕೆ ಪ್ರೋಟೀನಿನ ರಚನೆ ಕೆಟ್ಟು ವರ್ಣಕದ ನಿಜಬಣ್ಣ ಹೊರಬೀಳುತ್ತದೆ.

ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ‘ಅನ್ನ ಕಡಿಮೆ ಮಾಡಿದರೆ ತಿನ್ನುವುದೇನು?’ ಎಂಬ ಪ್ರಶ್ನೆ ಸಾಮಾನ್ಯ. ಮೀನು ತಿನ್ನುವವರಿಗೆ ಸಿಗಡಿ ಒಂದು ಉತ್ತರ. 100 ಗ್ರಾಂ ಸಿಗಡಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನಿದೆ. ಶರ್ಕರಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟೇ ತೂಕದ ಅನ್ನದಲ್ಲಿ ಶರ್ಕರಪಿಷ್ಟ ಸುಮಾರು 28 ಗ್ರಾಂ.

ಕುಂದಾಪುರದ ಕಡೆಯ ಘೀ ರೋಸ್ಟ್ ಮಾಡಿ ನೋಡಿ. ಕಾಲು ಕಿಲೋ ಸಿಗಡಿಯ ಸಿಪ್ಪೆ, ಬೆನ್ನಿನ ಕಪ್ಪು ನರ ತೆಗೆದು ತೊಳೆಯಿರಿ. ಅಮೋನಿಯದ ವಾಸನೆ ಬಂದರೆ ಎಸೆದುಬಿಡಿ. ಎಂಟು ಬ್ಯಾಡಗಿ ಮೆಣಸಿನಕಾಯಿ, ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ನಾಲ್ಕು ಕಾಳು ಮೆಂತ್ಯ ಹುರಿದು, ಬೆಳ್ಳುಳ್ಳಿ, ಸ್ವಲ್ಪ ಹುಣಸೆಹಣ್ಣಿನೊಡನೆ ನುಣ್ಣಗೆ ರುಬ್ಬಿ. ಎರಡು ಚಮಚ ತುಪ್ಪದಲ್ಲಿ ಈ ಮಸಾಲೆಯನ್ನು ಹಸಿವಾಸನೆ ಹೋಗುವವರೆಗೆ ಬಾಡಿಸಿ, ಉಪ್ಪು, ಕರಿಬೇವು, ಕೊನೆಗೆ ಸಿಗಡಿ ಹಾಕಿ. ಕೆಲವರು ಬೆಲ್ಲ ಸೇರಿಸುತ್ತಾರೆ, ನಮಗದು ಬೇಡ. ಮೂರು ನಾಲ್ಕು ನಿಮಿಷ ಸಾಕು. ಅರ್ಧಚಂದ್ರದಂತೆ ಬಾಗಿ, ಒಳಗೆ ಬೆಳ್ಳಗಾದರೆ ಬೆಂದಿದೆ. ಉಂಗುರದಂತೆ ಬಿಗಿದುಕೊಂಡರೆ ಹೆಚ್ಚು ಬೆಂದು ರಬ್ಬರಾಗಿದೆ.

ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕೆನ್ನುವವರು ಎರಡು ಗುಂಟೂರು ಮೆಣಸಿನಕಾಯಿ ಸೇರಿಸಲಿ. ಬಾಯಿ ಉರಿದರೆ ನೀರಿಗಿಂತ ಮಜ್ಜಿಗೆ ಮೇಲು: ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಅಷ್ಟಾಗಿ ಕರಗದು, ಹಾಲಿನ ಕೇಸೀನ್ ಅದನ್ನು ಸೆಳೆದುಕೊಳ್ಳುತ್ತದೆ.

ಪೋಷಕರು ಮೂರು ಮಾತು ನೆನಪಿಡಬೇಕು. ಸಿಗಡಿ ಕೆಲವರಿಗೆ ಅಲರ್ಜಿ. ಬೇಯಿಸಿದರೂ ಆ ಗುಣ ಹೋಗದು. ತಿಂದ ಮೇಲೆ ತುಟಿ ಊದಿ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಅನ್ನ, ಮುದ್ದೆ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ನು, ದೊಡ್ಡವರ ಪಥ್ಯ ಬೆಳೆಯುವ ಮಕ್ಕಳಿಗೆ ಬೇಡ. ಅಜ್ಜನ ತಟ್ಟೆಗೆ ಸಿಗಡಿಯ ಜೊತೆ ಸೌತೆಕಾಯಿ, ಹುರುಳಿಕಾಯಿ ಪಲ್ಯ ಬಡಿಸಿ. ಮೊಮ್ಮಗನ ತಟ್ಟೆಯಲ್ಲಿ ಮುದ್ದೆಯೂ ಇರಲಿ.